‘ಬರ್ತೀನಿ’ ಅಂದರೆ

ನಮ್ಮ ಯಜಮಾನರು ಮೊದಲು ಮರೆತದ್ದು ಇಂಗ್ಲಿಷನ್ನು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಇಪ್ಪತ್ತೆರಡು ವರ್ಷ ಗಣಿ ಕಂಪನಿಗಳಿಗೆ ಬಂಡೆ ಕೊರೆಸಿ, ಇಂಗ್ಲಿಷಿನಲ್ಲೇ ವರದಿ ಬರೆದ ಭೂವಿಜ್ಞಾನಿ. ಆಮೇಲೆ ನನ್ನನ್ನು ಮರೆಯತೊಡಗಿದರು, ಒಂದು ದಿನ ಬಿಟ್ಟು ಒಂದು ದಿನ. ಮದುವೆಯಾದಾಗಿನಿಂದ ‘ಏನೇ’ ಎಂದವರು, 2015ರ ಒಂದು ಬೆಳಿಗ್ಗೆ ಹ್ಯಾರಿಸ್‌ಡೇಲ್‌ನ ನಮ್ಮ ಅಡುಗೆಮನೆಯಲ್ಲಿ, “ಏನಮ್ಮಾ, ನಿಮ್ದು ಕಾಫಿ ಆಯ್ತಾ?” ಎಂದು ಕೇಳಿದರು. ನನಗೆ ಬಹುವಚನ! ಆಯ್ತು ಎಂದೆ. ಅಳು ಬರಲಿಲ್ಲ. ಲೋಟ ತೊಳೆದಿಟ್ಟೆ.

ಮಗಳು ಜ್ಯೋತ್ಸ್ನಾ ಬ್ರಿಸ್ಬೇನ್‌ನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿದ್ದಾಳೆ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಮರೆವಿನ ಕಾಯಿಲೆಯ ಸಂಶೋಧನೆ ನಡೆಯುತ್ತಿದೆ ಎಂದು ಪತ್ತೆ ಹಚ್ಚಿದ್ದು ಅವಳೇ. ತಲೆಬುರುಡೆಗೆ ಎರಡು ತೂತು ಕೊರೆದು, ಮಿದುಳಿನ ಆಳಕ್ಕೆ ತಂತಿ ಇಳಿಸಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಕೂರಿಸಿ ಸಣ್ಣಗೆ ಕರೆಂಟ್ ಕೊಡುವುದು. ಗುಣವಾಗುತ್ತದೆ ಎಂದು ಯಾರೂ ಹೇಳಲಿಲ್ಲ. ಮೊದಲ ವರ್ಷ ಅರ್ಧ ಜನರಿಗೆ ಯಂತ್ರ ಆನ್ ಮಾಡುವುದೇ ಇಲ್ಲ, ಯಾರಿಗೆ ಎಂದು ಹೇಳುವುದೂ ಇಲ್ಲ ಎಂದರು. ಎಲ್ಲಕ್ಕೂ ತಲೆಯಾಡಿಸಿದೆ. ಆ ಹಾಳು ಬಹುವಚನ ತೊಲಗಿದರೆ ನನಗೆ ಸಾಕಿತ್ತು.

ತೊಡಕು ಒಂದೇ. ರೋಗಿ ತಾನೇ ಒಪ್ಪಬೇಕು. ಅವರ ಮಾತನ್ನು ಮನೆಯವರು ಅನುವಾದ ಮಾಡುವಂತಿಲ್ಲ. ಅದಕ್ಕೆ ಫೋನಿನಲ್ಲಿ ದುಭಾಷಿ, ಅಡಿಲೇಡ್‌ನಲ್ಲೇ ಹುಟ್ಟಿ ಬೆಳೆದ ಪ್ರಣತಿ ಎಂಬ ಹುಡುಗಿ. ಡಾಕ್ಟರ್ ಹೇಳಿದ್ದನ್ನೆಲ್ಲ ಅವಳು ಕನ್ನಡದಲ್ಲಿ ಬಿಡಿಸಿ ಹೇಳಿದಳು. ತೂತು ಎಂದಾಗ ಇವರು ನೆತ್ತಿ ಮುಟ್ಟಿ ನೋಡಿಕೊಂಡರು.

“ಅಂಕಲ್, ಆಪರೇಷನ್‌ಗೆ ಬರ್ತೀರಾ ಅಂತ ಕೇಳ್ತಿದ್ದಾರೆ.”

ಇವರು ಎದ್ದು ನಿಂತರು. ಅಂಗಿ ಸರಿಮಾಡಿಕೊಂಡು ಡಾಕ್ಟರಿಗೆ ಕೈಮುಗಿದು, “ಬರ್ತೀನಿ ಸಾರ್” ಎಂದರು.

ನಮ್ಮಲ್ಲಿ ಹೊರಡುವಾಗ ಯಾರೂ ‘ಹೋಗ್ತೀನಿ’ ಎನ್ನುವುದಿಲ್ಲ, ಅಪಶಕುನ. ಇವರು ಹೊರಟು ನಿಂತಿದ್ದರು. ಫೋನಿನಲ್ಲಿದ್ದ ಹುಡುಗಿಗೆ ಮುಗಿದ ಕೈ ಕಾಣಲಿಲ್ಲ. ಕೈ ಕಂಡ ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಕಂಡದ್ದೂ ತಿಳಿದದ್ದೂ ನನಗೊಬ್ಬಳಿಗೇ.

“ಐ ವಿಲ್ ಕಮ್,” ಎಂದಳು ಪ್ರಣತಿ.

ಡಾಕ್ಟರ್ ನಕ್ಕು ಇವರ ಕೈ ಕುಲುಕಿದರು. ನಾನು ಬಾಯಿ ಬಿಡಲಿಲ್ಲ. ತೋಳು ಹಿಡಿದು ಕೂರಿಸಿದೆ. ತೋರಿಸಿದ ಕಡೆ ಇವರು ಸಹಿ ಹಾಕಿದರು. ಸಹಿ ಇನ್ನೂ ಮರೆತಿರಲಿಲ್ಲ.

ಆಪರೇಷನ್ ಆಯಿತು. ಆ ವರ್ಷವೆಲ್ಲ ತಪಾಸಣೆಗೆಂದು ಪರ್ತ್‌ನಿಂದ ಬ್ರಿಸ್ಬೇನ್‌ಗೆ ಓಡಾಡಿದೆವು. ಸ್ನಾನ ಮಾಡಿಸುವಾಗೆಲ್ಲ ಎದೆಯ ಗಂಟು ಮುಟ್ಟಿಕೊಂಡು, “ಇದ್ಯಾರು ಇಟ್ಟಿದ್ದಮ್ಮಾ?” ಎನ್ನುವರು. ಡಾಕ್ಟರು ಎನ್ನುತ್ತಿದ್ದೆ. ನಾಚಿಕೆಯಾಗಬೇಕಿತ್ತು. ಏನೂ ಆಗುತ್ತಿರಲಿಲ್ಲ.

ವರ್ಷ ಕಳೆದ ಮೇಲೆ ಡಾಕ್ಟರ್ ಗುಟ್ಟು ಒಡೆದರು. ಇವರ ಯಂತ್ರ ಅಷ್ಟು ದಿನವೂ ಆಫ್ ಇತ್ತು. ಈಗ ಬೇಕಿದ್ದರೆ ಆನ್ ಮಾಡಬಹುದು, ಮತ್ತೆ ಒಪ್ಪಿಗೆ ಬೇಕು. ಮತ್ತೆ ಫೋನು, ಮತ್ತೆ ಪ್ರಣತಿ.

“ಅಂಕಲ್, ಮಿಷನ್ ಆನ್ ಮಾಡಿಸ್ಕೊಳ್ಳೋಕೆ ಬರ್ತೀರಾ?”

ಇವರು ಕುರ್ಚಿಯ ಕೈ ಹಿಡಿದು ಎದ್ದರು. ಕೈಮುಗಿದರು. “ಬರ್ತೀನಿ.”

“ಐ ವಿಲ್...”

“ತಡಿ ಪ್ರಣತಿ,” ಎಂದೆ. “ಅವರು ಹೊರಟಿದ್ದಾರೆ ಕಣಮ್ಮಾ. ಕೈಮುಗಿದು ನಿಂತಿದ್ದಾರೆ. ಬೇಡ ಅಂತ.”



“ಆಂಟಿ... ಹೋದ ವರ್ಷಾನೂ ಅಂಕಲ್ ಇದನ್ನೇ ಅಂದಿದ್ರಲ್ವಾ?”

“ಹೌದು.”

“ಆಗ್ಲೂ ಎದ್ದು ನಿಂತಿದ್ರಾ?”

“ಹೌದಮ್ಮಾ.”

“ನಾನು ಇದನ್ನೆಲ್ಲಾ ಡಾಕ್ಟರ್‌ಗೆ ಹೇಳ್ಬೇಕಾಗತ್ತೆ ಆಂಟಿ. ಇಲ್ಲಿ ಆಡಿದ ಒಂದು ಮಾತೂ ಬಿಡೋ ಹಾಗಿಲ್ಲ.”

“ಹೇಳು,” ಎಂದೆ.

ಅವಳು ಹೇಳತೊಡಗಿದಳು. ಡಾಕ್ಟರ್ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಇವರು ಇನ್ನೂ ಕೈಮುಗಿದೇ ನಿಂತಿದ್ದರು. ನಾನು ಬ್ಯಾಗು ಎತ್ತಿಕೊಂಡು ಎದ್ದೆ.

“ನೀವೂ ಹೊರಟ್ರಾಮ್ಮಾ?” ಎಂದರು ಇವರು.

“ಹೂಂ,” ಎಂದೆ. “ನಿಮ್ಮ ಜೊತೇಲೇ ಬರ್ತೀನಿ.”