ಆನೆ ದಾಟಿದ ನದಿ

ಆ ಶಾಲೆಯಲ್ಲಿ ಗೋಡೆಯ ಹಲ್ಲಿಗಳೂ ಕಾಗುಣಿತ ತಪ್ಪದೆ ಓದುತ್ತಿದ್ದವು. ಜೇಡಗಳು ಒತ್ತಕ್ಷರದಲ್ಲೇ ಬಲೆ ನೇಯುತ್ತಿದ್ದವು. ಇನ್ನು ಮಕ್ಕಳ ಓದು ಕೇಳಬೇಕೇ? ಅದರಲ್ಲೂ ಎರಡನೇ ಕ್ಲಾಸಿನ 'ರೇಡಿಯೋ' ಬಾಯಿ ತೆರೆದಳೆಂದರೆ ರಸ್ತೆಯ ಬಸ್ಸುಗಳು ಎಂಜಿನ್ ಆರಿಸಿ ನಿಲ್ಲುತ್ತಿದ್ದವು.

ಒಂದೇ ಕೊರತೆ. ರೇಡಿಯೋಗೆ ಓದಲು ಬರುತ್ತಿರಲಿಲ್ಲ.

ಕೊಡೆ ಕಳೆದುಕೊಂಡ ಆನೆಯ ಕಥೆಯನ್ನು ಟೀಚರ್ ಊಟದ ಬಿಡುವಿನಲ್ಲಿ ಅವಳಿಗೆ ಬಾಯಿಪಾಠ ಮಾಡಿಸಿದ್ದರು. ಟೀಚರ್ ಕೆಮ್ಮಿದಾಗ ಹಾಳೆ ತಿರುಗಿಸಬೇಕು. ಮಿಕ್ಕ ಹೊತ್ತು ಪುಸ್ತಕದ ಮೇಲೆ ಬೆರಳು ಓಡಿಸುತ್ತಿರಬೇಕು. ಶಾಲೆಗೆ ಯಾರೇ ದೊಡ್ಡವರು ಬರಲಿ, ರೇಡಿಯೋ ಮುಂದೆ ನಿಲ್ಲುತ್ತಿದ್ದಳು. ಚಪ್ಪಾಳೆ ಬೀಳುತ್ತಿತ್ತು. ಆದರೆ ಆ ಪುಸ್ತಕ ಮನೆಗೆ ಒಯ್ದು ಅಮ್ಮನ ಪಕ್ಕ ಕೂತು ತಾನೇ ಓದಬೇಕೆಂಬ ಆಸೆ ಅವಳನ್ನು ಹಸಿವಿನ ಹಾಗೆ ಕಾಡುತ್ತಿತ್ತು.

"ಟೀಚರ್, ನಂಗೆ ಅಕ್ಷರ ಹೇಳಿಕೊಡ್ತೀರಾ?" ಎಂದು ಒಮ್ಮೆ ಸೆರಗು ಹಿಡಿದು ಕೇಳಿದಳು.

"ನಿಂಗ್ಯಾಕೆ ಪುಟ್ಟಿ ಅಕ್ಷರ? ಬಾಯಿಗೂ ಕಣ್ಣು ಬೇಕಾ?" ಟೀಚರ್ ನಕ್ಕರು. "ಇನ್ಸ್‌ಪೆಕ್ಟರ್ ಸಾಹೇಬರು ಬಂದುಹೋಗ್ಲಿ. ಆಮೇಲೆ ನೋಡೋಣ."

ಸಾಹೇಬರು ಬಂದರು. ಅವರು ಎದುರಿನ ಕುರ್ಚಿ ಬಿಟ್ಟು ಬೆಂಚಿನ ಮೇಲೆ ರೇಡಿಯೋ ಪಕ್ಕದಲ್ಲೇ ಕೂತು ಪುಸ್ತಕಕ್ಕೆ ಮೂಗು ಹಚ್ಚಿದರು. ಟೀಚರ್ ಮುಖ ಸುಣ್ಣವಾಯಿತು. ನದಿಯ ಚಿತ್ರವಿದ್ದ ಹಾಳೆಗೆ ಇಂಕು ಚೆಲ್ಲಿತ್ತೆಂದು ಅವರು ಬೆಳಿಗ್ಗೆ ತಾನೇ ಅದನ್ನು ಹರಿದೆಸೆದಿದ್ದರು, ರೇಡಿಯೋಗೆ ಹೇಳಲು ಮರೆತಿದ್ದರು.

ರೇಡಿಯೋ ಸಾಹೇಬರ ಮುಖವನ್ನೇ ನೋಡುತ್ತ ಕಥೆ ಒಪ್ಪಿಸತೊಡಗಿದಳು. ಆನೆ ನದಿಗೆ ಇಳಿಯಿತು. ಸೊಂಡಿಲಿನಲ್ಲಿ ನೀರೆಳೆಯಿತು.

"ಮಗು, ನದಿ ಎಲ್ಲಿದೆ ಇಲ್ಲಿ?"

ಟೀಚರ್ ಗಾಬರಿಯಲ್ಲಿ ಕೆಮ್ಮಿದರು. ರೇಡಿಯೋ ಹಾಳೆ ತಿರುಗಿಸಿದಳು. ಮತ್ತೆ ಕೆಮ್ಮಿದರು. ಮತ್ತೆ ತಿರುಗಿಸಿದಳು. ಪುಸ್ತಕ ಮುಗಿದೇಹೋಯಿತು, ಆನೆ ಮಾತ್ರ ಇನ್ನೂ ನಡುನೀರಿನಲ್ಲಿತ್ತು.

ಸಾಹೇಬರು ರಟ್ಟಿನ ಮೇಲಿನ ಹೆಸರಿಗೆ ಬೆರಳಿಟ್ಟರು. "ಇದನ್ನ ಓದು."

ರೇಡಿಯೋ ಟೀಚರ್ ಕಡೆ ನೋಡಿದಳು.

"ಅಯ್ಯೋ ಸರ್, ನನ್ನನ್ನೇ ಯಾಮಾರಿಸಿದಾಳೆ ನೋಡಿ," ಎಂದರು ಟೀಚರ್. "ಎಲ್ಲಾ ನೋಡ್ಕೊಳ್ರೋ, ಕಳ್ಳ ಓದು ಅಂದ್ರೆ ಇದೇ."

ಇಡೀ ಕ್ಲಾಸು ಗೊಳ್ಳೆಂದಿತು.

"ನೀವೇ ಅಲ್ವಾ ಟೀಚರ್ ಹೇಳಿಕೊಟ್ಟಿದ್ದು?"

"ನೋಡಿದ್ರಾ ಸರ್, ಎದುರುತ್ತರ ಬೇರೆ."

ಸಾಹೇಬರಿಗೆ ಎಲ್ಲ ಅರ್ಥವಾಗಿತ್ತು. ಟೋಪಿ ತಲೆಗಿಟ್ಟುಕೊಳ್ಳುತ್ತ, "ಮಕ್ಕಳು ಚೆನ್ನಾಗಿ ಓದ್ತಾರೆ ಅಂತಲೇ ಬರೀತೀನಿ. ಮುಂದಿನ ಸಲ ಹಾಳೆ ಸರಿಯಾಗಿ ನೋಡ್ಕೊಳ್ಳಿ ಮೇಡಂ," ಎಂದು ಹೊರಟರು. ರೇಡಿಯೋ ಕಡೆ ತಿರುಗಿಯೂ ನೋಡಲಿಲ್ಲ.

ಆದರೇನಂತೆ, ಟೀಚರ್ ಮನಸ್ಸು ಕರಗಿತು. ಸಂಜೆಯೊಳಗೆ ವರ್ಣಮಾಲೆ ಮುಗಿಸಿದರು. ರೇಡಿಯೋ ವಾರದಲ್ಲಿ ಶಾಲೆಯ ಬೀರುವನ್ನೇ ಓದಿ ಬರಿದುಮಾಡಿದಳು. ಈಗ ಅವಳ ಮನೆಯಲ್ಲಿ ಸೂರು ಮುಟ್ಟುವಷ್ಟು ಪುಸ್ತಕಗಳಿವೆ, ಯಾವುದನ್ನೇ ಕೊಡಿ, ಕಣ್ಣು ಮುಚ್ಚಿಕೊಂಡೇ ಓದುತ್ತಾಳೆ.

ಕಣ್ಣು ಮುಚ್ಚಿಕೊಂಡೇ. ನಾಲಿಗೆ ಜಾರಿತು, ಸಿಕ್ಕಿಬಿದ್ದೆ. ನಿಜ ಹೇಳಿಬಿಡುತ್ತೇನೆ.

ಅವಳಿಗೆ ಯಾರೂ ಅಕ್ಷರ ಕಲಿಸಲಿಲ್ಲ. ಹಿಂದಿನ ಬೆಂಚಿಗೆ ಕಳಿಸಿದರು. ಒಂದನೇ ಕ್ಲಾಸಿನಲ್ಲಿ ಇನ್ನೊಂದು ಇಂಪಾದ ಗಂಟಲು ಸಿಕ್ಕಿತು. ಅದಕ್ಕೆ ಕಥೆ ಬಾಯಿಪಾಠ ಮಾಡಿಸುವ ಕೆಲಸವನ್ನು ಟೀಚರ್ ರೇಡಿಯೋಗೇ ಒಪ್ಪಿಸಿದರು.

"ಅಕ್ಕಾ, ಇದು ಯಾವ ಅಕ್ಷರ?" ಎಂದು ಆ ಚಿಕ್ಕದು ಪುಸ್ತಕಕ್ಕೆ ಬೆರಳಿಟ್ಟು ಕೇಳಿತು.

ರೇಡಿಯೋ ಅದರ ತೊಡೆ ಚಿವುಟಿದಳು. ಅದು ಅಳುವವರೆಗೂ ಬಿಡಲಿಲ್ಲ.