ಬೆಂಕಿ ಉರಿದ ಜಾಗದ ಹುಲ್ಲು

ನನ್ನ ತಮ್ಮ ಕಿಯಿಂಬಾನ ಮನೆ ಮುಂದಿನ ಹುಲ್ಲು ನೋಡಿದರೆ ಕಜ್ಜಿ ಹತ್ತಿದ ನಾಯಿಯ ಬೆನ್ನು ನೆನಪಾಗುತ್ತಿತ್ತು. ಅಲ್ಲೊಂದು ಹಸಿರು ತೇಪೆ, ಇಲ್ಲೊಂದು ಹಳದಿ ತೇಪೆ, ನಟ್ಟನಡುವೆ ಚಾಪೆಯಷ್ಟಗಲ ಬೋಳು. ಅವನ ಹೆಂಡತಿ ನಾಲ್ವೋಗಾ ಬದುಕಿದ್ದಾಗ ಕಜ್ಜಾನ್ಸಿ ಊರಲ್ಲೇ ಅಷ್ಟು ಹಸಿರು ಅಂಗಳ ಇನ್ನೊಂದಿರಲಿಲ್ಲ; ಹುಲ್ಲು ತುಳಿದವರನ್ನು ಅವಳು ಬೈಯದೆ ಬಿಡುತ್ತಿರಲಿಲ್ಲ. ಅವಳು ಸತ್ತಾಗ ನಮ್ಮ ಪದ್ಧತಿಯಂತೆ ಅಂಗಳದ ನಡುವೆ ಹೆಣ ಕಾಯುವ ರಾತ್ರಿಯ ಬೆಂಕಿ ಹಾಕಿದರು, ಗಂಡಸರೆಲ್ಲ ರಾತ್ರಿಯಿಡೀ ಸುತ್ತ ಕೂತರು. ಆಮೇಲೆ ಅವಳನ್ನು ಮಸಾಕಾ ಕಡೆಯ ನಮ್ಮ ಕುಲದ ನೆಲಕ್ಕೆ ಒಯ್ದು ಮಣ್ಣು ಮಾಡಿದೆವು. ಬೆಂಕಿ ಉರಿದ ಜಾಗ ಮಾತ್ರ ಹಾಗೇ ಸುಟ್ಟುಕೊಂಡು ಉಳಿಯಿತು.

ಅದು ಉಳಿದರೆ ಉಳೀಲಿ ಅಂತ ನಾನೂ ಸುಮ್ಮನಿದ್ದೆ. ಆದರೆ ಒಂದು ದಿನ ಅವನ ಮಗಳು ನಸ್ಸುನಾ ಫೋನು ಮಾಡಿ ಗೊಳೋ ಅಂತ ಅತ್ತಳು.

"ಅತ್ತೆ, ಅಪ್ಪ ಕ್ವಾಂಜುಲ ಮತ್ತೆ ಮುಂದಕ್ಕೆ ಹಾಕಿದ್ರು."

"ಮತ್ತೇನಂತೆ ಅವನಿಗೆ?"

"ಹುಲ್ಲು ಬರ್ಲಿ ಅಂತಾರೆ. ಬೋಳು ನೆಲದಲ್ಲಿ ನನ್ನ ಮಗಳು ಮಂಡಿಯೂರಲ್ಲ ಅಂತಾರೆ. ಬುಕೆನ್ಯಾನ ಮನೇವ್ರಿಗೆ ಸಾಕಾಗಿದೆ ಅತ್ತೆ. ಈ ಮಳೆಗಾಲ ಮುಗಿಯೋದ್ರೊಳಗೆ ಕರೀದಿದ್ರೆ ಸಂಬಂಧನೇ ಬೇಡ ಅಂದಿದ್ದಾರೆ."

ನನಗೆ ಮೈಯೆಲ್ಲ ಉರಿಯಿತು. ಗಂಡಿನ ಕಡೆಯವರು ಬುಟ್ಟಿ ಹೊತ್ತು ಹೆಣ್ಣು ಕೇಳಲು ಬರುವ, ಹುಡುಗಿ ಅಪ್ಪನೆದುರು ಮಂಡಿಯೂರುವ ಕ್ವಾಂಜುಲದ ದಿನವನ್ನು ಹುಲ್ಲಿಗೋಸ್ಕರ ತಳ್ಳುತ್ತಾರಾ ಯಾರಾದರೂ? ಸೋದರತ್ತೆ ನಾನು ಬದುಕಿದ್ದೀನೋ ಸತ್ತಿದ್ದೀನೋ! ಸಂಜೆ ಬಸ್ಸಿಗೇ ಹೊರಟು ಬಂದೆ.

"ಏನೋ, ಮಗಳ ಮದುವೆ ಬೇಡವಾ ನಿನಗೆ?" ಅಂತ ಬಾಗಿಲಲ್ಲೇ ಶುರು ಹಚ್ಚಿಕೊಂಡೆ.

"ಬೇಕು ಅಕ್ಕ. ಹುಲ್ಲು ಬರ್ತಿಲ್ಲ. ನಾನೇನು ಮಾಡ್ಲಿ?"

"ಏನೇನು ಮಾಡಿದೀಯ?"

"ಗೊಬ್ಬರ ಹಾಕಿದೆ."

ಹಾಕಿದ್ದ, ಪುಣ್ಯಾತ್ಮ. ಅಂಗಡಿ ಗೊಬ್ಬರದ ಚೀಲವನ್ನೇ ಬಗ್ಗಿಸಿ ಸುರಿದಿದ್ದ. ಉಳಿದಿದ್ದ ನಾಲ್ಕು ಎಳೆಯೂ ಸುಟ್ಟುಹೋಗಿತ್ತು.

ಮಾರನೇ ದಿನ ಗೊಮೇಸಿ ನಿಲುವಂಗಿಯ ಅಂಚು ಸೊಂಟಕ್ಕೆ ಸಿಕ್ಕಿಸಿ ಗುದ್ದಲಿ ಹಿಡಿದೆ. ಇಟ್ಟಿಗೆಯಂತಾಗಿದ್ದ ಮಣ್ಣನ್ನು ಮೊಣಕೈಯಾಳ ಅಗೆದು ಹೊರಗೆ ಹಾಕಿದೆ. ಹಿತ್ತಲಿನ ಬಾಳೆ ಬುಡದಿಂದ ಕಪ್ಪು ಮಣ್ಣು, ಹಳೇ ಸಗಣಿ ಗೊಬ್ಬರ ತಂದು ತುಂಬಿದೆವು. ನಸ್ಸುನಾ ಬೇಲಿಯ ಬದಿಯಿಂದ ಬಳ್ಳಿಹುಲ್ಲು ಬೇರುಸಮೇತ ಕಿತ್ತು ತಂದಳು. ಗೇಣಿಗೊಂದರಂತೆ ಊರಿ, ನೀರು ಹೊಯ್ದು, ಕೋಳಿ ಕೆದಕದಂತೆ ಸುತ್ತ ಕಡ್ಡಿ ನೆಟ್ಟೆವು. ಹಾಗೇ ಅಂಗಳದ ತೇಪೆಗಳನ್ನೆಲ್ಲ ತುಂಬಿದೆವು. ಮಳೆಯೂ ಕೈಹಿಡಿಯಿತು. ಸುತ್ತಲ ಹುಲ್ಲೆಲ್ಲ ಚಿಗುರಿ ಕೈಕೈ ಹಿಡಿದುಕೊಂಡಿತು.

ನಡುವಿನ ಜಾಗ ಮಾತ್ರ ಮತ್ತೆ ಹಳದಿ! ಎಳೆಗಳೆಲ್ಲ ನೆಲಕ್ಕೆ ಒರಗಿಕೊಂಡಿದ್ದವು. ಕೋಳಿಯ ಕೆಲಸ ಅಂದುಕೊಂಡು ಅವತ್ತು ಸಂಜೆ ಕೋಲು ಹಿಡಿದು ಅಡುಗೆಮನೆ ಮರೆಯಲ್ಲಿ ಕಾದೆ.

ಬಂದದ್ದು ಕೋಳಿಯಲ್ಲ, ನನ್ನ ತಮ್ಮ. ಮೆಲ್ಲಗೆ ಕಡ್ಡಿ ದಾಟಿದ, ಸರಿಯಾಗಿ ನಡುವೆ ಕುರ್ಚಿ ಹಾಕಿದ, ಕಾಲು ಚಾಚಿ ಕೂತು ಚಹಾ ಕುಡಿಯತೊಡಗಿದ.

"ಲೋ ಪಾಪಿ!" ಅಂತ ಕೋಲು ಎತ್ತಿಕೊಂಡೇ ಓಡಿದೆ. "ನೀನೇ ತುಳಿದು ಸಾಯಿಸ್ತಿದ್ದೀಯಲ್ಲೋ! ದಿನಾ ಇಲ್ಲೇ ಕೂರ್ತೀಯಾ?"

ಅವನು ಏಳಲಿಲ್ಲ. ಲೋಟದೊಳಗೆ ನೋಡುತ್ತ ಹೇಳಿದ: "ಬೆಂಕಿ ಆರಿದ ಮೇಲೆ ಎಲ್ರೂ ಎದ್ದು ಹೋದ್ರು ಅಕ್ಕ. ನಂಗೆ ಏಳೋಕಾಗ್ಲಿಲ್ಲ."

ನನ್ನ ಕೈಯಲ್ಲಿನ ಕೋಲು ತಾನಾಗೇ ಕೆಳಗಿಳಿಯಿತು. ಇಷ್ಟು ದಿನ ಇವನನ್ನು ಬಾಯಿಗೆ ಬಂದ ಹಾಗೆ ಬೈದೆನಲ್ಲಾ!

ಹಿಂದೆ ನಸ್ಸುನಾ ಬಂದು ನಿಂತಿದ್ದಳು. "ಅಪ್ಪ, ನಾನೇನೋ ನಿಮಗೆ ಬುಕೆನ್ಯಾ ಇಷ್ಟ ಇಲ್ಲ ಅಂದ್ಕೊಂಡಿದ್ದೆ."

"ಅವನಿಗೇನು, ಬಂಗಾರದಂಥ ಹುಡುಗ. ಆದ್ರೆ ನೀನೂ ಹೋದ್ಮೇಲೆ ಈ ಮನೇಲಿ ಚಹಾ ಕಾಸೋರು ಯಾರಮ್ಮ?"

"ನಾನು ಕಾಸ್ತೀನಿ ಕಣೋ," ಅಂದೆ. ಗಂಡ ಸತ್ತು ಒಂಟಿಯಾಗಿದ್ದವಳು ನಾನು, ನನಗಾದರೂ ಊರಲ್ಲಿ ಯಾರಿದ್ದರು? "ಆದ್ರೆ ಜಗಲಿ ಮೆಟ್ಟಿಲ ಮೇಲೆ ಕೊಡ್ತೀನಿ. ಇಲ್ಲಿಗೆ ತಂದ್ಕೊಡಲ್ಲ."

ಅವನು ಲೋಟದಲ್ಲಿದ್ದ ಚಹಾ ಮುಗಿಸಿದ. ಆಮೇಲೆ ಎದ್ದ. ಕುರ್ಚಿಯನ್ನು ಮಗಳು ಎತ್ತಿಕೊಂಡಳು.

ಮಳೆಗಾಲ ಮುಗಿಯುವ ಮೊದಲೇ ಕ್ವಾಂಜುಲ ಆಯಿತು. ಎರಡು ಶಾಮಿಯಾನ, ಆ ಕಡೆ ಅವರು, ಈ ಕಡೆ ನಾವು, ನಡುವೆ ಹುಲ್ಲು. ಬೆಂಕಿಯ ಜಾಗದಲ್ಲಿ ಎಳೇ ಹಸಿರು ಆಗಷ್ಟೇ ನೆಲ ಮುಚ್ಚಿತ್ತು. ಹುಡುಗಿಯ ಅಪ್ಪ ಗತ್ತಾಗಿ ಕೂತಿರಬೇಕೋ ಬೇಡವೋ? ಇವನು ನಿಮಿಷಕ್ಕೊಮ್ಮೆ ಎದ್ದು ಕೈಬೀಸುತ್ತಿದ್ದ. "ಅಲ್ಲಿ ತುಳೀಬೇಡಿ! ಸ್ವಾಮಿ, ಸ್ವಲ್ಪ ಸುತ್ತಿ ಬನ್ನಿ!" ಗಂಡಿನ ಕಡೆಯಿಂದ ಮಾತಾಡಲು ಬಂದ ಹಿರಿಯರನ್ನೂ ಬಿಡಲಿಲ್ಲ. ಬುಟ್ಟಿ ಹೊತ್ತ ಹೆಂಗಸರು ಮುಸಿಮುಸಿ ನಗುತ್ತ ಬಳಸಿಕೊಂಡು ಹೋದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಕೊನೆಗೆ ನಸ್ಸುನಾ ಬಂದಳು, ಅಪ್ಪನ ಮುಂದೆ ಮಂಡಿಯೂರಲು. ಆ ಎಳೇ ಹುಲ್ಲಿನ ಅಂಚಿಗೆ ಬಂದವಳು ಗಕ್ಕನೆ ನಿಂತಳು. ಬಳಸಿಕೊಂಡು ಹೋಗಲು ಪಕ್ಕಕ್ಕೆ ಹೆಜ್ಜೆ ಇಟ್ಟಳು.

"ಬೇಡ," ಅಂದ ಕಿಯಿಂಬಾ. "ನೀನು ಅಲ್ಲೇ ಕೂರಮ್ಮ. ನಿಮ್ಮಮ್ಮ ಬೈಯಲ್ಲ."

ಅವಳು ಆ ಹುಲ್ಲಿನ ಮೇಲೆ ಮಂಡಿಯೂರಿದಳು.