ಗುಳಿಗೆ ನಿಂತ ವರ್ಷ

ದೂರದ ವೈದ್ಯಕೀಯ ಕಾಲೇಜಿನ ಡಾಕ್ಟರೊಬ್ಬರು ಮುದ್ದೇಬಿಹಾಳಕ್ಕೆ ಬಂದದ್ದು ೧೯೬೨ರ ಬೇಸಿಗೆಯಲ್ಲಿ. ರಕ್ತದ ಒತ್ತಡ ಏರಿದ ನಲವತ್ತು ಮಂದಿಯನ್ನು ಆರಿಸಿ, ಸರ್ಪಗಂಧಿಯ ಗುಳಿಗೆ ಕೊಟ್ಟು, ವರ್ಷದಲ್ಲಿ ಅದು ಎಷ್ಟು ಇಳಿಯುತ್ತದೆಂದು ಅಭ್ಯಾಸ ಮಾಡುವುದು ಅವರ ಉದ್ದೇಶ. ಪ್ರತಿ ಗುರುವಾರ ಅಳೆದು ಬರೆದಿಡುವ ಕೆಲಸ ದವಾಖಾನೆಯ ಕಂಪೌಂಡರ್ ರೇವಣಪ್ಪನಿಗೆ ಬಿತ್ತು.

ಆ ನಲವತ್ತರಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರ ದಸ್ತಗೀರಸಾಬನೂ ಒಬ್ಬ. ಐವತ್ತೆರಡರ ಗಟ್ಟಿ ಆಸಾಮಿ. ತಲೆನೋವೆಂದು ಬಂದವನ ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಪಾದರಸ ಇನ್ನೂರ ಇಪ್ಪತ್ತಕ್ಕೆ ನಿಂತಿತ್ತು. ಗುಳಿಗೆ ನುಂಗತೊಡಗಿದ ಮೂರು ತಿಂಗಳಿಗೆ ನೂರ ಐವತ್ತಕ್ಕೆ ಇಳಿಯಿತು.

"ನಿಮ್ಮ ಗುಳಿಗಿ ಭಾಳ ಚಲೋ ಅದಾವ್ರಿ ಕಂಪೌಂಡರ್ ಸಾಹೇಬ್ರ" ಎನ್ನುತ್ತಿದ್ದ, ಗಡ್ಡದಲ್ಲಿ ಸಿಕ್ಕಿಕೊಂಡ ಅರಳೆಯನ್ನು ಕೊಡವುತ್ತ. "ಮೂಗೊಂದು ಕಟ್ಟತೈತಿ. ಇರ್ಲಿ ಬಿಡ್ರಿ, ತಲಿ ಅಂತೂ ಹಗರ ಆಗೈತಿ."

ವರ್ಷ ಮುಗಿಯಿತು. ಡಾಕ್ಟರು ಕಾಗದಪತ್ರಗಳ ಜೊತೆ ಉಳಿದ ಗುಳಿಗೆಗಳನ್ನೂ ಪೆಟ್ಟಿಗೆಗೆ ತುಂಬಿಸಿದರು. ಅಳೆಯುವ ಯಂತ್ರವನ್ನು ಮಾತ್ರ ದವಾಖಾನೆಗೆ ಬಿಟ್ಟರು.

"ಇನ್ ಮುಂದ ಇವ್ರಿಗೆ ಏನ್ ಕೊಡ್ಲಿರಿ?" ರೇವಣಪ್ಪ ಕೇಳಿದ.

"ಮೇಲಿನವರಿಗೆ ಬರೀರಿ" ಎಂದು ಡಾಕ್ಟರು ಜೀಪು ಹತ್ತಿದರು.

ರೇವಣಪ್ಪ ಬರೆದ. ಸಣ್ಣ ದವಾಖಾನೆಗಳ ಯಾದಿಯಲ್ಲಿ ಆ ಔಷಧವಿಲ್ಲವೆಂದು ಉತ್ತರ ಬಂತು. ಕಾಲೇಜಿಗೂ ಬರೆದ. ಫಲಿತಾಂಶ ಬಹಳ ಆಶಾದಾಯಕವಾಗಿದೆ, ನಿಮ್ಮ ಸಹಕಾರಕ್ಕೆ ವಂದನೆಗಳು ಎಂದು ಅಲ್ಲಿಂದ ಓಲೆ ಬಂತು. ಒಂದು ರವಿವಾರ ಬಸ್ಸು ಹಿಡಿದು ಬಿಜಾಪುರಕ್ಕೆ ಹೋಗಿ ಅಂಗಡಿ ಅಂಗಡಿ ತಿರುಗಿದ. ಒಂದೇ ಬಾಟಲಿ ಸಿಕ್ಕಿತು. ನಲವತ್ತು ಮಂದಿಗೆ ಹಂಚಿದರೆ ಎರಡು ದಿನಕ್ಕೂ ಸಾಲದು. ಎಲ್ಲರಿಗಿಂತ ಹೆಚ್ಚು ಒತ್ತಡವಿದ್ದ ದಸ್ತಗೀರಸಾಬನಿಗೇ ಅದನ್ನು ಕೊಟ್ಟ. ಮತ್ತೆ ಹೋದಾಗ ಅದೂ ಸಿಗಲಿಲ್ಲ.

ಗುರುವಾರಗಳು ಮಾತ್ರ ತಪ್ಪಲಿಲ್ಲ. ದಸ್ತಗೀರಸಾಬನ ಪಾದರಸ ನೂರ ಎಪ್ಪತ್ತು. ನೂರ ತೊಂಬತ್ತೈದು. ಇನ್ನೂರ ಹತ್ತು.

"ಸ್ವಲ್ಪ ಏರೈತ್ರಿ ಅಣ್ಣಾ. ಉಪ್ಪು ಬಿಡ್ರಿ" ಎಂದ ರೇವಣಪ್ಪ. ದಸ್ತಗೀರಸಾಬ ಉಪ್ಪಿನಕಾಯಿ ಬಿಟ್ಟ, ರೊಟ್ಟಿಗೂ ಉಪ್ಪು ಹಾಕಬೇಡವೆಂದ. ಪಾದರಸ ಏರುತ್ತಲೇ ಹೋಯಿತು.

ಒಂದು ಮುಂಜಾನೆ ಕರೆ ಬಂದಾಗ ರೇವಣಪ್ಪ ಓಡಿದ. ಹತ್ತಿ ಹಿಂಜುವ ಬಿಲ್ಲು ಒಂದು ಕಡೆ ಬಿದ್ದಿತ್ತು, ಹಿಂಜಿದ ಅರಳೆಯ ಮೇಲೆ ದಸ್ತಗೀರಸಾಬ ಬಿದ್ದಿದ್ದ. ಬಲಗೈ, ಬಲಗಾಲು ಸತ್ತಿದ್ದವು. ಬಾಯಿ ಸೊಟ್ಟಗಾಗಿತ್ತು. ಅವನ ಹೆಂಡತಿ ಜೋಹರಾಬಿ ಅವನ ಗದ್ದ ಒರೆಸುತ್ತಿದ್ದಳು.

"ಲಕ್ವಾ ಹೊಡದೈತಿ" ಎಂದಳು. ಒರೆಸುವ ಕೈ ನಿಲ್ಲಿಸದೆ ಕೇಳಿದಳು: "ವಾರಾ ವಾರಾ ನೋಡ್ತಿದ್ದೆಲ್ಲೋ ತಮ್ಮಾ. ನಿನಗ ತಿಳೀಲಿಲ್ಲೇನು?"

"ತಿಳಿದಿತ್ತಕ್ಕಾ."

"ತಿಳಿದು ಏನ್ ಮಾಡ್ದಿ?"

ಬರೆದ ಪತ್ರ, ತಿರುಗಿದ ಅಂಗಡಿ, ಎಲ್ಲ ರೇವಣಪ್ಪನ ನಾಲಿಗೆಯ ತುದಿಗೆ ಬಂದವು. ಮಾತಾಡಲು ಹೋಗಿ ಬರೀ ಸದ್ದು ಮಾಡುತ್ತಿದ್ದ ಆ ಮನುಷ್ಯನ ಮುಂದೆ ಒಂದನ್ನೂ ಹೇಳಲಾಗಲಿಲ್ಲ.

ದಸ್ತಗೀರಸಾಬ ಹಾಸಿಗೆಯಲ್ಲೇ ಐದು ತಿಂಗಳು ಬದುಕಿ ತೀರಿಕೊಂಡ. ಮಣ್ಣು ಕೊಟ್ಟು ಬಂದ ಮರುದಿನ ಗುರುವಾರ. ಉಳಿದವರು ಎಂದಿನಂತೆ ದವಾಖಾನೆಗೆ ಬಂದು ಅಂಗಿಯ ತೋಳು ಏರಿಸಿಕೊಂಡು ಕೂತಿದ್ದರು. ಕೊಡಲು ಗುಳಿಗೆಯಿಲ್ಲ, ಇನ್ನು ಬರಬೇಡಿರೆಂದು ಅವರಿಗೆ ಹೇಳಲಾರದೆ ರೇವಣಪ್ಪ ಮೊದಲಿನವನ ತೋಳಿಗೆ ಪಟ್ಟಿ ಕಟ್ಟಿದ.